ದೀರ್ಘಕಾಲಿಕ ಒತ್ತಡ ಮತ್ತು ರೋಗನಿರೋಧಕ ವ್ಯವಸ್ಥೆ

ದೀರ್ಘಕಾಲಿಕ ಒತ್ತಡವು ಮುಖ್ಯವಾಗಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಮೂಲಕ ದೇಹದ ರೋಗನಿರೋಧಕ ವ್ಯವಸ್ಥೆಯ ಮೇಲೆ ಪರಿಣಾಮ ಬೀರುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಇದನ್ನು ಸ್ರವಿಸುತ್ತವೆ. ಮಿದುಳಿನ ಹೈಪೋಥಲಾಮಸ್ ಭಾಗವು ಪಿಟ್ಯೂಟರಿ ಗ್ರಂಥಿಯ ಮೂಲಕ ಈ ಸ್ರಾವವನ್ನು ನಿಯಂತ್ರಿಸುತ್ತದೆ.

ಪರಿಣಾಮಗಳು

ಅಲ್ಪಾವಧಿಯಲ್ಲಿ ಕಾರ್ಟಿಸಾಲ್ ಉರಿಯೂತವನ್ನು ಹತೋಟಿಯಲ್ಲಿಡುತ್ತದೆ. ಒತ್ತಡವು ತಿಂಗಳುಗಟ್ಟಲೆ ಮುಂದುವರಿದಾಗ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳ ಕಾರ್ಯ ಕುಗ್ಗಬಹುದು. ಲಸಿಕೆ ಪಡೆದ ನಂತರ ಪ್ರತಿಕಾಯಗಳು ಕಡಿಮೆ ಉತ್ಪತ್ತಿಯಾಗಬಹುದು. ರೋಗನಿರೋಧಕ ಕೋಶಗಳು ಕ್ರಮೇಣ ಕಾರ್ಟಿಸಾಲ್‌ಗೆ ಸರಿಯಾಗಿ ಸ್ಪಂದಿಸದಿದ್ದರೆ ಉರಿಯೂತವೂ ಶಮನವಾಗದೆ ಉಳಿಯುತ್ತದೆ.

ಅಧ್ಯಯನಗಳು

ಅಮೆರಿಕದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆಗುಳಿ ರೋಗವಿದ್ದ ಬಂಧುಗಳ ಆರೈಕೆ ಮಾಡುತ್ತಿದ್ದ ಮಹಿಳೆಯರ ಚರ್ಮದ ಸಣ್ಣ ಗಾಯ ಮಾಯಲು ಇತರರಿಗಿಂತ ಸರಾಸರಿ 9 ದಿನ ಹೆಚ್ಚು ಬೇಕಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿಯನ್ನಷ್ಟೇ ಪಡೆದ ಖಿನ್ನತೆಯ ರೋಗಿಗಳಿಗಿಂತ ಯೋಗಾಭ್ಯಾಸ ಮಾಡಿದವರಲ್ಲಿ ಕಾರ್ಟಿಸಾಲ್ ಮಟ್ಟ ಇಳಿದವರು ಹೆಚ್ಚಿದ್ದರು.