ಮನೆಯ ಗ್ಯಾರೇಜಿಗೆ ಎಂತಹ ನೆಲ?

ಮನೆ ಕಟ್ಟಿಸುವ ಗೃಹಸ್ಥರು ಪಡಸಾಲೆಯ ನೆಲವನ್ನು ಕುರಿತು ತಿಂಗಳುಗಟ್ಟಲೆ ಆಲೋಚಿಸುವರು. ಗ್ಯಾರೇಜಿನ ಸರದಿ ಬರುವ ವೇಳೆಗೆ ಹಣವೂ ತಾಳ್ಮೆಯೂ ಮುಗಿದಿರುತ್ತವೆ. ಮಿಕ್ಕ ಟೈಲುಗಳನ್ನೇ ಅಲ್ಲಿ ಹಾಸಿಬಿಡುವುದು ವಾಡಿಕೆ. ಈ ತಪ್ಪನ್ನು ನಾವೂ ಮಾಡಿದೆವು, ಅದರ ಫಲವನ್ನೂ ಉಂಡೆವು. ಮೊದಲನೆಯ ಮಳೆಗಾಲದಲ್ಲಿಯೇ, ಕಾರಿನಿಂದ ತೊಟ್ಟಿಕ್ಕಿದ ನೀರು ಆ ನುಣುಪು ನೆಲದ ಮೇಲೆ ನಿಂತಿತು. ನಮ್ಮ ತಾಯಿಯವರು ಕಾರಿನಿಂದಿಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ಜಾರಿಬಿದ್ದು ಮಣಿಕಟ್ಟನ್ನು ಮುರಿದುಕೊಂಡರು. ಅದೇ ವರ್ಷ, ಜ್ಯಾಕು ಏರಿಸಿದ ಕಡೆ ಎರಡು ಟೈಲುಗಳು ಬಿರಿದುವು. ಒಡೆದು ನೋಡಲು ಕೆಳಗೆ ಗಾರೆಯು ತುಂಬದೆ ಟೊಳ್ಳಾಗಿದ್ದಿತು.

ಆಗ ನಾವು ಕಲಿತ ಪಾಠವಿಷ್ಟೇ: ನೆಲದ ಬಾಳಿಕೆಯು ಮೇಲಣ ಹೊಳಪಿನಲ್ಲಿಲ್ಲ, ಕೆಳಗಣ ತಳಪಾಯದಲ್ಲಿದೆ. ಸಣ್ಣ ಕಾರೊಂದು ಸುಮಾರು 1000 ಕಿಲೋಗ್ರಾಂ ತೂಗಬಹುದು. ಆ ಭಾರವೆಲ್ಲವೂ ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ಎಡೆಗಳಲ್ಲಿ ಮಾತ್ರ.

ಮಿತವ್ಯಯಕ್ಕೂ ಬಾಳಿಕೆಗೂ ಕಾಂಕ್ರೀಟು ಯೋಗ್ಯವಾದುದು. ಮೊದಲು ಮಣ್ಣನ್ನು ನೀರುಣಿಸಿ ಚೆನ್ನಾಗಿ ದಿಮ್ಮಿಸಿ, 4 ಅಂಗುಲ ದಪ್ಪಕ್ಕೆ ದಪ್ಪಜಲ್ಲಿಯನ್ನು ಹಾಸಿ, ಅದರ ಮೇಲೆ ತೇವವನ್ನು ತಡೆಯಲು ದಪ್ಪನೆಯ ಪ್ಲಾಸ್ಟಿಕ್ಕು ಹಾಳೆಯನ್ನು ಹರಡತಕ್ಕದ್ದು. ಬಳಿಕ ಸಿಮೆಂಟು 1, ಮರಳು 1½, ಜಲ್ಲಿ 3 ಪಾಲಿನ ಕಾಂಕ್ರೀಟನ್ನು 4 ಅಂಗುಲ ಹಾಕಬೇಕು. ಸುಮಾರು 10 ಅಡಿಗೊಂದರಂತೆ ಸಂದು ಬಿಟ್ಟರೆ, ಬಿರುಕು ಕಂಡಕಂಡಲ್ಲಿ ಮೂಡದು. ಬಾಗಿಲಿನ ಕಡೆಗೆ 10 ಅಡಿಗೆ 1½ ಅಂಗುಲದಷ್ಟು ವಾಟವಿರಲಿ. ನೀರು ತಾನಾಗಿ ಹೊರಗೆ ಹರಿದುಹೋಗುವುದು. ಮೇಲ್ಮೈ ಬಿಗಿಯುವ ಮುನ್ನ ಗಡುಸಾದ ಪೊರಕೆಯನ್ನು ಒಮ್ಮೆ ಎಳೆದರೆ ಉಂಟಾಗುವ ಸಣ್ಣ ಗೀರುಗಳು ಕಾಲಿಗೆ ಹಿಡಿತ ಕೊಡುತ್ತವೆ. ಅನಂತರ ಕನಿಷ್ಠ 7 ದಿನ ನೆಲವು ಒಣಗದಂತೆ ನೀರುಣಿಸಬೇಕು. ಮೇಸ್ತ್ರಿಯು ಎಷ್ಟೇ ಅವಸರಪಡಿಸಿದರೂ ಇದರಲ್ಲಿ ಲೋಭ ಸಲ್ಲದು.

ಕಲ್ಲೇ ಬೇಕೆನ್ನುವವರಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದು ಕಲ್ಲು ಅಗ್ಗವೂ ತಂಪೂ ಆದುದು. ಆದರೆ ಅದು ಸುಣ್ಣದ ಜಾತಿಯ ಕಲ್ಲಾದುದರಿಂದ ಬ್ಯಾಟರಿಯ ಆಮ್ಲ ಬಿದ್ದರೆ ಸವೆಯುವುದು. ಬೆಂಗಳೂರಿನ ಬಳಿಯ ಸಾದರಹಳ್ಳಿಯ ಬೂದು ಗ್ರಾನೈಟು ಆಮ್ಲಕ್ಕೂ ಭಾರಕ್ಕೂ ಸುಲಭವಾಗಿ ಸೋಲದು. ಪಾಲಿಶು ಮಾಡಿಸದೆ, ಒರಟು ಮೈಯ ದಪ್ಪ ಚಪ್ಪಡಿಗಳನ್ನೇ ಕೊಳ್ಳಿರಿ. ಹಾಸಿದ ಮೇಲೆ ಪ್ರತಿಯೊಂದನ್ನೂ ಕೋಲಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದುದನ್ನು ಎತ್ತಿಸಿ ಮತ್ತೆ ಹಾಕಿಸಿರಿ. ಹಣ ಕೊಡುವ ಮೊದಲೇ ಈ ಪರೀಕ್ಷೆ ನಡೆಯಲಿ.

ಕಾಂಕ್ರೀಟಿನ ಮೇಲೆ ಎಪಾಕ್ಸಿ ಲೇಪವನ್ನು ಬಳಿಸುವುದೂ ಉಂಟು. ಎಣ್ಣೆಯ ಕಲೆ ಒಳಗಿಳಿಯದೆಂಬುದು ಅದರ ಗುಣ. ಆದರೆ ಹೊಸ ಕಾಂಕ್ರೀಟಿಗೆ 28 ದಿನ ತುಂಬದೆ ಅದನ್ನು ಬಳಿಸಲಾಗದು. ಹಳೆಯ ನೆಲವಾದರೆ, ಎರಡಡಿ ಚೌಕದ ಪ್ಲಾಸ್ಟಿಕ್ಕು ಹಾಳೆಯ ಅಂಚುಗಳನ್ನು ನೆಲಕ್ಕೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿರಿ. ಅಡಿಯಲ್ಲಿ ಹನಿಗಟ್ಟಿದ್ದರೆ ಲೇಪವು ನಿಲ್ಲದೆ ಸಿಪ್ಪೆಯೇಳುವುದು. ಲೇಪದಲ್ಲಿಯೂ ಜಾರದ ಬಗೆಯನ್ನೇ ಆರಿಸಬೇಕು.

ನಾವು ಕಡೆಗೆ ಟೈಲುಗಳನ್ನು ಕೀಳಿಸಿ, ಗೀರಿನ ಕಾಂಕ್ರೀಟನ್ನೇ ಹಾಕಿಸಿದೆವು. ನೋಡಲು ಅಂದವೇನೂ ಇಲ್ಲ. ಆದರೆ ಮಳೆಯ ದಿನವೂ ತಾಯಿಯವರು ಗೋಡೆಯನ್ನು ಹಿಡಿಯದೆ ನಡೆದುಬರುತ್ತಾರೆ. ನಮಗೆ ಬೇಕಾದುದು ಅಷ್ಟೇ.