ಹೊಟ್ಟೆಯ ಹುಣ್ಣಿಗೆ ಖಾರ ಕಾರಣವಾ?

ಹೊಟ್ಟೆಯಲ್ಲಿ ಹುಣ್ಣಾದರೆ ಮೊದಲು ಬೈಯೋದು ಯಾರನ್ನ?
ಮೆಣಸಿನಕಾಯಿಯನ್ನ, ಅಲ್ವಾ?

ಪಾಪ, ಅದರ ತಪ್ಪಿಲ್ಲ.
ಹೆಚ್ಚಿನ ಹುಣ್ಣುಗಳ ಹಿಂದಿರೋದು ಎರಡೇ.
ಒಂದು, ಕೆಲವು ಬಗೆಯ ನೋವಿನ ಮಾತ್ರೆ.
ಇನ್ನೊಂದು, ಹೆಲಿಕೋಬ್ಯಾಕ್ಟರ್ ಪೈಲೋರಿ.
ಸುರುಳಿಯಾಕಾರದ ಬ್ಯಾಕ್ಟೀರಿಯಾ.

ಜಠರದ ಆಮ್ಲದಲ್ಲಿ ಅದು ಬದುಕೋದು ಹೇಗೆ?
ಸುತ್ತಲೂ ಅಮೋನಿಯಾ ಬಿಡುತ್ತೆ, ಆಮ್ಲ ತಣಿಯುತ್ತೆ.
ಜಡಿಮಳೆಯಲ್ಲಿ ಗೊರಬೆ ಹೊದ್ದು ಗದ್ದೆಗೆ ಇಳಿದ ಹಾಗೆ!

ಬ್ಯಾಕ್ಟೀರಿಯಾದಿಂದ ಹುಣ್ಣಾಗುತ್ತೆ ಅಂದರೆ ಮೊದಲು ಯಾರೂ ನಂಬಲಿಲ್ಲ.
1984ರಲ್ಲಿ, ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್
ಆ ಬ್ಯಾಕ್ಟೀರಿಯಾವನ್ನ ತಾವೇ ಕುಡಿದುಬಿಟ್ಟರು.
ಕೆಲವೇ ದಿನಗಳಲ್ಲಿ ವಾಂತಿ, ಜಠರದಲ್ಲಿ ಉರಿಯೂತ.
ಎಂಥ ಧೈರ್ಯ ನೋಡಿ!
2005ರಲ್ಲಿ ಅವರಿಗೂ, ಜೊತೆಗಾರ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು.

ಈ ಸೋಂಕು ಎಷ್ಟೋ ಜನರಲ್ಲಿ ಸುಮ್ಮನೇ ಇರುತ್ತೆ.
ಕೆಲವರಲ್ಲಿ ಮಾತ್ರ, ವರ್ಷಗಳ ನಂತರ
ಜಠರದ ಕ್ಯಾನ್ಸರ್‌ಗೆ ದಾರಿ ಮಾಡುತ್ತೆ.

ಪತ್ತೆಗೆ ಉಸಿರಿನ ಪರೀಕ್ಷೆ ಇದೆ, ಮಲದ ಪರೀಕ್ಷೆ ಇದೆ.
ಗುಣಪಡಿಸೋಕೆ ಆಂಟಿಬಯಾಟಿಕ್ ಇದೆ.
ಅರ್ಧಕ್ಕೆ ಮಾತ್ರ ನಿಲ್ಲಿಸಬೇಡಿ.

ಮಲ ಟಾರಿನ ಹಾಗೆ ಕಪ್ಪಾಗಿದೆಯಾ?
ತುತ್ತು ಗಂಟಲಿಂದ ಕೆಳಗಿಳೀತಿಲ್ವಾ?
ಕಾರಣವಿಲ್ಲದೆ ತೂಕ ಇಳೀತಿದೆಯಾ?
ಗ್ಯಾಸ್ ಅಂತ ಸುಮ್ಮನಾಗಬೇಡಿ.
ದಯವಿಟ್ಟು ತಡಮಾಡದೆ ವೈದ್ಯರ ಹತ್ತಿರ ಹೋಗಿ,
ಎಂಡೋಸ್ಕೋಪಿ ಬೇಕಾ ಅಂತ ಕೇಳಿ.