ಸೇವಾವೃತ್ತಿಯೂ ಅದು ಕಲಿಸುವ ಪಾಠವೂ



ಒಂದು ಸಮಾಜವು ಯಾವ ಉದ್ಯೋಗವನ್ನು ಎಷ್ಟರಮಟ್ಟಿಗೆ ಗೌರವಿಸುತ್ತದೆಯೆಂಬುದನ್ನು ತಿಳಿಯಲು ಸಂಬಳದ ಪಟ್ಟಿಯನ್ನು ತೆರೆದು ನೋಡಬೇಕಾಗಿಲ್ಲ. ಆ ಉದ್ಯೋಗದವನನ್ನು ಜನರು ಏನೆಂದು ಕರೆಯುತ್ತಾರೆಂಬುದನ್ನು ಗಮನಿಸಿದರೆ ಸಾಕು. ಹೋಟೆಲಿನಲ್ಲಿ ಬಡಿಸುವವನು ನಮಗೆ ‘ಮಾಣಿ’. ಕಚೇರಿಯಲ್ಲಿ ಕಾಗದಪತ್ರಗಳನ್ನು ಮೇಜಿನಿಂದ ಮೇಜಿಗೆ ಒಯ್ಯುವವನು ‘ಜವಾನ’. ಇಂಗ್ಲಿಷು ಬಲ್ಲವರ ಬಾಯಲ್ಲಿ ಇಬ್ಬರೂ ‘ಬಾಯ್’. ಕರಾವಳಿಯ ಮನೆಗಳಲ್ಲಿ ಮಾಣಿಯೆಂದರೆ ಹುಡುಗ, ವಟು. ಅದು ತಾಯಿಯು ಮಗನನ್ನು ಅಕ್ಕರೆಯಿಂದ ಕರೆಯುವ ಮಾತು. ಜವಾನನೆಂಬುದು ಪಾರಸಿಯಿಂದ ಬಂದ ಶಬ್ದ. ತರುಣನೆಂದು ಅದರ ಅರ್ಥ. ಮೂರೂ ಎಳೆಯ ವಯಸ್ಸನ್ನು ಸೂಚಿಸುವ ಮಾತುಗಳು. ಮೂಲದಲ್ಲಿ ಯಾವುದರಲ್ಲಿಯೂ ಅವಮಾನವಿಲ್ಲ. ಆದರೆ ತಲೆ ನರೆತು ಮೊಮ್ಮಕ್ಕಳನ್ನು ಕಂಡ ಗೃಹಸ್ಥನನ್ನೂ ನಾವು ಇದೇ ಹೆಸರುಗಳಿಂದ ಕೂಗುತ್ತೇವೆ. ಸೇವೆ ಮಾಡುವವನು ಎಷ್ಟು ವರ್ಷ ಬಾಳಿದರೂ ದೊಡ್ಡವನಾಗಲಾರನೆಂಬ ತೀರ್ಮಾನವೊಂದು ನಮ್ಮ ನುಡಿಯಲ್ಲಿಯೇ ಅಡಗಿ ಕುಳಿತಿದೆ. ಈ ತೀರ್ಮಾನವು ಎಲ್ಲಿಂದ ಬಂದಿತು, ಇಂಥ ವೃತ್ತಿಗಳು ನಿಜವಾಗಿ ಏನನ್ನು ಕಲಿಸುತ್ತವೆ, ಆ ಕಲಿಕೆಯು ಯಾರಿಗೆ ಫಲಿಸುತ್ತದೆ, ಯಾರಿಗೆ ಫಲಿಸುವುದಿಲ್ಲ ಎಂಬುದನ್ನು ಈಗ ವಿಚಾರಮಾಡೋಣ.

ಮೊದಲನೆಯದಾಗಿ, ಈ ಕೆಲಸಗಳು ಕೀಳೆನಿಸಲು ಕಾರಣವೇನು? ಅವು ಕಷ್ಟದ ಕೆಲಸಗಳೆಂಬುದು ಕಾರಣವಾಗಲಾರದು. ನೇಗಿಲು ಹಿಡಿಯುವವನ ಕಷ್ಟವೇನೂ ಕಡಿಮೆಯಲ್ಲ. ಆದರೂ ರೈತನನ್ನು ನಾವು ಹಾಡಿ ಹೊಗಳುತ್ತೇವೆ. ವಿದ್ಯೆ ಬೇಡವೆಂಬುದೂ ಪೂರ್ಣವಾದ ಉತ್ತರವಲ್ಲ. ಅಕ್ಷರವರಿಯದ ಶಿಲ್ಪಿಗೆ ಕೈಮುಗಿಯುವ ಜನ ನಾವು. ನನಗೆ ತೋರುವ ಕಾರಣಗಳು ಮೂರು. ಒಂದು, ಎಂಜಲು. ಇನ್ನೊಬ್ಬರು ಉಂಡು ಬಿಟ್ಟುದನ್ನು, ತೊಟ್ಟು ಕಳೆದುದನ್ನು, ಎಸೆದುದನ್ನು ಮುಟ್ಟುವ ಕೈಯೂ ಅಶುದ್ಧವೆಂಬ ಭಾವನೆಯು ನಮ್ಮಲ್ಲಿ ಬಹಳ ಆಳಕ್ಕೆ ಇಳಿದಿದೆ. ಎರಡು, ಅಪ್ಪಣೆ. ಒಬ್ಬನು ಕುಳಿತಿರುವಾಗ ಮತ್ತೊಬ್ಬನು ನಿಂತಿರಬೇಕು. ಒಬ್ಬನು ಕೂಗಿದಾಗ ಮತ್ತೊಬ್ಬನು ಓಡಿಬರಬೇಕು. ಮೂರು, ಜನ್ಮ. ಇಂಥ ಕೆಲಸಕ್ಕೆ ಇಂಥವರೇ ಹುಟ್ಟಿದ್ದಾರೆಂಬ ಕಲ್ಪನೆ. ಈ ಮೂರರಲ್ಲಿ ಮೊದಲಿನ ಎರಡು ಮನುಷ್ಯನ ಅಭಿಮಾನವನ್ನು ನೋಯಿಸುತ್ತವೆ. ಮೂರನೆಯದು ಅವನ ಮುಂದಿರುವ ದಾರಿಯನ್ನೇ ಮುಚ್ಚುತ್ತದೆ. ಈ ಭೇದವನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ.

ಇನ್ನು ಕಲಿಕೆಯ ವಿಷಯ. ಬೆಳಗಿನ ಎಂಟು ಗಂಟೆಗೆ ಮೈಸೂರಿನ ಯಾವುದಾದರೊಂದು ಜನನಿಬಿಡವಾದ ಹೋಟೆಲಿನಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿ. ಒಬ್ಬ ಪರಿಚಾರಕನ ಪಾಲಿಗೆ ನಾಲ್ಕು ಮೇಜುಗಳು, ಹದಿನಾರು ಜನರು. ಒಬ್ಬರಿಗೆ ಗರಿಗರಿಯಾದ ಮಸಾಲೆದೋಸೆ. ಇನ್ನೊಬ್ಬರಿಗೆ ಸಾಂಬಾರು ಬೇರೆಯಾಗಿಟ್ಟ ಇಡ್ಲಿ. ಮೂರನೆಯವರಿಗೆ ಸಕ್ಕರೆಯಿಲ್ಲದ ಕಾಫಿ. ನಾಲ್ಕನೆಯವರದು ಎರಡನೆಯ ಸಲದ ಚಟ್ನಿ. ಇವೆಲ್ಲವನ್ನೂ ಅವನು ಬರೆದುಕೊಳ್ಳುವುದಿಲ್ಲ. ಒಂದೇ ಉಸಿರಿನಲ್ಲಿ ಅಡುಗೆಮನೆಗೆ ಕೂಗಿ ಹೇಳಿ, ಬಂದ ತಟ್ಟೆಗಳನ್ನು ತೋಳಿನ ಮೇಲೆ ಸಾಲಾಗಿ ಜೋಡಿಸಿಕೊಂಡು, ಯಾರದನ್ನು ಯಾರಿಗೂ ತಪ್ಪಾಗಿ ಕೊಡದೆ ಹಂಚುತ್ತಾನೆ. ಹಿಂದಿನ ಹೋಟೆಲುಗಳಲ್ಲಿ ಗಿರಾಕಿಯು ಎದ್ದು ಗಲ್ಲಾದ ಬಳಿಗೆ ಹೋಗುವಷ್ಟರಲ್ಲಿ ಅವನ ಲೆಕ್ಕವನ್ನು ದೂರದಿಂದಲೇ ಕೂಗಿ ಹೇಳುವುದೂ ಪರಿಚಾರಕನ ಕೆಲಸವಾಗಿತ್ತು. ಜ್ಞಾಪಕಶಕ್ತಿ, ಕ್ರಮ, ಲೆಕ್ಕ, ಈ ಮೂರನ್ನು ಶಾಲೆಗಳು ವರ್ಷಗಟ್ಟಲೆ ಕಲಿಸಲು ಹೆಣಗುತ್ತವೆ. ಇಲ್ಲಿ ಅವು ಹೊಟ್ಟೆಪಾಡಿನ ಒತ್ತಾಯದಿಂದಲೇ ಬರುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ಪಾಠಗಳೂ ಉಂಟು. ಯಾರ ಲೋಟದಲ್ಲಿ ನೀರು ಮುಗಿದಿದೆ, ಯಾರು ರೈಲಿಗೆ ಆತುರಪಡುತ್ತಿದ್ದಾರೆ, ಯಾರ ಜೇಬಿನಲ್ಲಿ ಕಾಸು ಕಡಿಮೆಯಿದ್ದು ಬೆಲೆಯ ಹಲಗೆಯನ್ನೇ ಎರಡು ಸಲ ಓದುತ್ತಿದ್ದಾರೆ ಎಂಬುದನ್ನು ಅವರು ಬಾಯಿ ತೆರೆಯುವುದಕ್ಕೆ ಮೊದಲೇ ಅರಿಯಬೇಕು. ಒಂದು ಮೇಜಿನವರು ಗದರಿಸಿದರೆ ಆ ನೋವನ್ನು ಮುಂದಿನ ಮೇಜಿಗೆ ಒಯ್ಯುವಂತಿಲ್ಲ. ಅದಲ್ಲದೆ, ದೊಡ್ಡವರು ಪರಿಚಾರಕನ ಎದುರಿನಲ್ಲಿ ಏನನ್ನೂ ಮರೆಮಾಡುವುದಿಲ್ಲ. ಏಕೆಂದರೆ ಅವನು ಅಲ್ಲಿ ಇದ್ದಾನೆಂದೇ ಅವರು ಭಾವಿಸುವುದಿಲ್ಲ. ಸಭೆಯಲ್ಲಿ ಸೌಜನ್ಯದ ಮೂರ್ತಿಯಾಗಿರುವವರು ಕಾಫಿ ತಣ್ಣಗಾದಾಗ ಹೇಗಿರುತ್ತಾರೆಂಬುದನ್ನು ಅವನು ಬಲ್ಲನು. ಮನುಷ್ಯಸ್ವಭಾವದ ಈ ಪಾಠವು ಮೇಲಿನ ಪೀಠದಲ್ಲಿ ಕುಳಿತವರಿಗೆ ದೊರೆಯುವುದು ದುರ್ಲಭ.

ಈ ಕಲಿಕೆಯು ಫಲಿಸಿದುದಕ್ಕೆ ಕನ್ನಡನಾಡಿನಲ್ಲಿ ಪ್ರಸಿದ್ಧವಾದ ನಿದರ್ಶನಗಳಿವೆ. ಉಡುಪಿಯ ಕಡೆಯ ಬಡ ಕುಟುಂಬದಲ್ಲಿ ಹುಟ್ಟಿದ ಕೆ. ಕೃಷ್ಣರಾಯರು ಅಡುಗೆಮನೆಯ ಅತ್ಯಂತ ಕೆಳಗಿನ ಕೆಲಸಗಳಿಂದ ಆರಂಭಿಸಿ, ಅಂದಿನ ಮದರಾಸಿಗೆ ಹೋಗಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಬಂದು ಪರರ ಮನೆಗಳಲ್ಲಿ ಅಡುಗೆಮಾಡಿಕೊಂಡಿದ್ದು, 1924ರಲ್ಲಿ ಒಂದು ಚಿಕ್ಕ ಕಾಫಿ ಕ್ಲಬ್ಬನ್ನು ತೆರೆದರು. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾಯಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮುಂಬಯಿಗೆ ಹೋದ ಕರಾವಳಿಯ ಹುಡುಗರ ಕಥೆಯೂ ಇಂಥದೇ. ಹಗಲು ಹೋಟೆಲುಗಳಲ್ಲಿ ಮೇಜು ಒರೆಸಿ, ತಟ್ಟೆ ತೊಳೆದು, ಸಂಜೆಯಾದ ಮೇಲೆ ಅಲ್ಲಿನ ಕನ್ನಡಿಗರ ಸಂಘಗಳು ನಡೆಸುತ್ತಿದ್ದ ರಾತ್ರಿಶಾಲೆಗಳಿಗೆ ಹೋಗಿ ಅವರು ಓದಿದರು. ಅವರಲ್ಲಿ ಗುಮಾಸ್ತರಾದವರುಂಟು, ವಕೀಲರಾದವರುಂಟು, ಹೋಟೆಲುಗಳ ಒಡೆಯರಾದವರುಂಟು.

ಈ ಕಥೆಗಳನ್ನು ಕೇಳಿ ಸಂತೋಷಪಡುವುದು ಸುಲಭ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಹುಡುಗರನ್ನು ಮೇಲಕ್ಕೆತ್ತಿದುದು ಎಂಜಲು ತಟ್ಟೆಯೊಂದೇ ಅಲ್ಲ. ಅದರ ಪಕ್ಕದಲ್ಲಿದ್ದ ರಾತ್ರಿಶಾಲೆ, ಸಾಲ ಕೊಟ್ಟ ಊರಿನವರು, ಕೆಲಸ ಕಲಿಸಿ ಮುಂದಕ್ಕೆ ಬಿಟ್ಟ ಯಜಮಾನರು. ದಾರಿಯಿತ್ತು, ಆದುದರಿಂದ ಕಷ್ಟವು ಪಾಠವಾಯಿತು. ಆ ದಾರಿಯನ್ನು ಕಾಣದೆ ಹತ್ತು ವರ್ಷದ ವಯಸ್ಸಿನಿಂದ ಮುಪ್ಪಿನವರೆಗೆ ಮೇಜು ಒರೆಸಿಯೇ ಸವೆದುಹೋದವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಹದಿನಾಲ್ಕು ವರ್ಷಕ್ಕೆ ಕಡಿಮೆಯ ಮಕ್ಕಳನ್ನು ಹೋಟೆಲುಗಳಲ್ಲಿಯೂ ಮನೆಗೆಲಸದಲ್ಲಿಯೂ ದುಡಿಸುವುದನ್ನು 2006ರ ಅಕ್ಟೋಬರಿನಿಂದ ಸರ್ಕಾರವು ನಿಷೇಧಿಸಿತು. ಹಳೆಯ ಸಾಹಸಗಾಥೆಗಳನ್ನು ಹೇಳಿ ಮಕ್ಕಳ ದುಡಿಮೆಯನ್ನು ಸಮರ್ಥಿಸುವವರು ಇದನ್ನು ಮರೆಯಬಾರದು.

ಇನ್ನೂ ಕಹಿಯಾದ ಒಂದು ಸತ್ಯವಿದೆ. ಅಂದಿನ ಹೋಟೆಲುಗಳಲ್ಲಿ ಅನೇಕವು ಜಾತಿಯ ಹೆಸರನ್ನೇ ಹಲಗೆಯ ಮೇಲೆ ಬರೆಸಿಕೊಂಡಿದ್ದುವು. ಒಳಗೆ ಪಂಕ್ತಿಭೇದವೂ ಇತ್ತು. ಅಸ್ಪೃಶ್ಯರೆನಿಸಿಕೊಂಡವರ ಮಗನಿಗೆ ಅಲ್ಲಿ ಕುಳಿತು ಕಾಫಿ ಕುಡಿಯುವುದು ಹಾಗಿರಲಿ, ಲೋಟ ತೊಳೆಯುವ ಕೆಲಸವೂ ದೊರೆಯುವಂತಿರಲಿಲ್ಲ. ನಾವು ಅತ್ಯಂತ ಕೀಳೆಂದು ಭಾವಿಸಿದ ಮೆಟ್ಟಿಲೂ ಅವನ ಪಾಲಿಗೆ ಎಟುಕದ ಎತ್ತರದಲ್ಲಿತ್ತು. ಹೋಟೆಲುಗಳಿಗೆ ಪ್ರವೇಶಿಸುವ ವಿಷಯದಲ್ಲಿ ಜಾತಿಯ ಭೇದವನ್ನು ಮಾಡಕೂಡದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಸ್ಪಷ್ಟವಾಗಿ ಹೇಳಬೇಕಾಯಿತೆಂಬುದೇ ಈ ದುಃಸ್ಥಿತಿಗೆ ಸಾಕ್ಷಿ.

ಹೋಟೆಲಿನ ಬಾಗಿಲು ಮುಚ್ಚಿದವರಿಗೆ ಬೀದಿಯ ಪೊರಕೆಯು ಉಳಿಯಿತು. ಬೀದಿ ಗುಡಿಸುವವರ ಅರಿವೂ ಸಾಮಾನ್ಯವಾದುದಲ್ಲ. ಯಾವ ಮೋರಿಯು ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ, ಯಾವ ಮೂಲೆಯಲ್ಲಿ ಕೊಳಕು ನಿಂತು ಸೊಳ್ಳೆ ಹುಟ್ಟುತ್ತದೆ, ಯಾವ ಓಣಿಯವರು ಕತ್ತಲಲ್ಲಿ ಕಸ ಸುರಿದುಹೋಗುತ್ತಾರೆ, ಇವೆಲ್ಲವನ್ನೂ ಅವರಷ್ಟು ಬಲ್ಲವರಿಲ್ಲ. ನಗರದ ಆರೋಗ್ಯವನ್ನು ಕುರಿತು ಇಷ್ಟು ಜ್ಞಾನವುಳ್ಳವರು ಆರೋಗ್ಯಾಧಿಕಾರಿಗಳಾಗಬೇಡವೆ? ಆದರೆ ತಲೆಮಾರುಗಳವರೆಗೆ ಗುಡಿಸುವವರ ಮಗನು ಗುಡಿಸುವವನೇ ಆದನು. ಮಲವನ್ನು ತಲೆಯ ಮೇಲೆ ಹೊರುವ ಅಮಾನುಷ ಪದ್ಧತಿಯನ್ನು 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ನಿಲ್ಲಿಸಿದರು. ಕೇಂದ್ರದ ಕಾನೂನು ಬಂದುದು 1993ರಲ್ಲಿ. ಅದು ಸಾಲದೆ 2013ರಲ್ಲಿ ಮತ್ತೊಂದನ್ನು ಮಾಡಬೇಕಾಯಿತು. ಆ ಬಳಿಕವೂ ಒಳಚರಂಡಿಗೆ ಇಳಿದು ಪ್ರಾಣಬಿಟ್ಟವರಿದ್ದಾರೆ. 2016ರಲ್ಲಿ 73 ನಗರಗಳ ಸಮೀಕ್ಷೆಯಲ್ಲಿ ನಮ್ಮ ಮೈಸೂರಿಗೆ ಸ್ವಚ್ಛತೆಯಲ್ಲಿ ಮೊದಲನೆಯ ಸ್ಥಾನವು ದೊರೆತಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಆ ಕೀರ್ತಿಯನ್ನು ಬೆಳಗಿನ ಜಾವದಲ್ಲಿ ಗಳಿಸಿಕೊಟ್ಟವರು ಪೌರಕಾರ್ಮಿಕರು. ಅಂಥ ಪೌರಕಾರ್ಮಿಕರೇ ತಮ್ಮ ಕೆಲಸವನ್ನು ಖಾಯಂ ಮಾಡಬೇಕೆಂದು ಕೇಳಲು 2022ರ ಜುಲೈಯಲ್ಲಿ ರಾಜ್ಯದಾದ್ಯಂತ ಪೊರಕೆಯನ್ನು ಕೆಳಗಿಟ್ಟು ಮುಷ್ಕರ ಹೂಡಬೇಕಾಯಿತು.

ಶ್ರಮದ ಮಹತ್ತ್ವವು ನಮಗೆ ಹೊಸ ವಿಚಾರವಲ್ಲವೆಂದು ಕೆಲವರು ಹೇಳಬಹುದು. ನಿಜ. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಶಬ್ದಕ್ಕೆ ಪೂಜೆಯ ಗೌರವವನ್ನು ತಂದುಕೊಟ್ಟರು. ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ದೋಣಿ ನಡೆಸುವ ಚೌಡಯ್ಯ, ಅಂಗಳ ಗುಡಿಸುವ ಸತ್ಯಕ್ಕ, ಇವರೆಲ್ಲರೂ ಆ ಪರಂಪರೆಯವರು. ಆದರೆ ಶರಣರು ಕೆಲಸವನ್ನು ಹೊಗಳಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮಡಿವಾಳನನ್ನೂ ಮಂತ್ರಿಯನ್ನೂ ಒಂದೇ ಗೋಷ್ಠಿಯಲ್ಲಿ ಕುಳ್ಳಿರಿಸಿದರು. ನಾವು ಆ ಹೊಗಳಿಕೆಯನ್ನು ಮಾತ್ರ ಉಳಿಸಿಕೊಂಡು, ಜೊತೆಯಲ್ಲಿ ಕುಳ್ಳಿರಿಸಿಕೊಳ್ಳುವುದನ್ನು ಕೈಬಿಟ್ಟೆವು.

ಗಾಂಧೀಜಿಯವರು 1901ರಲ್ಲಿ ಕಲಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದಾಗ ಅಲ್ಲಿನ ಶೌಚಸ್ಥಳಗಳ ಹೊಲಸನ್ನು ಕಂಡು ತಾವೇ ಪೊರಕೆ ಹಿಡಿದರು. ಕಾರ್ಯದರ್ಶಿಗಳಾದ ಘೋಷಾಲರ ಬಳಿ ಗುಮಾಸ್ತರಂತೆ ಕುಳಿತು ಕಾಗದಗಳಿಗೆ ಉತ್ತರ ಬರೆದರು. ಅವರ ಅಂಗಿಗೆ ಗುಂಡಿಯನ್ನೂ ಹಾಕಿಕೊಟ್ಟರು. ಈ ಸೇವೆಯಿಂದ ಕಾಂಗ್ರೆಸ್ಸಿನ ಒಳವ್ಯವಹಾರವನ್ನು ಕೆಲವೇ ದಿನಗಳಲ್ಲಿ ಅರಿತೆನೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೆಳಗೆ ನಿಂತು ನೋಡಿದವನಿಗೆ ಸಂಸ್ಥೆಯ ನಿಜರೂಪವು ಕಾಣುತ್ತದೆಯೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ಸ್ವಂತ ಇಚ್ಛೆಯಿಂದ ಪೊರಕೆ ಹಿಡಿದವನು ಅದನ್ನು ಕೆಳಗಿಡಲೂ ಬಲ್ಲನು. ಹುಟ್ಟಿದಂದಿನಿಂದ ಅದನ್ನು ಹಿಡಿಸಲ್ಪಟ್ಟವನ ಸ್ಥಿತಿಯು ಬೇರೆ. ಜಲಗಾರರ ವೃತ್ತಿಯನ್ನು ಉದಾತ್ತವೆಂದು ಕೊಂಡಾಡಿ ಆ ಜನರನ್ನು ಅದರಲ್ಲಿಯೇ ತೃಪ್ತರಾಗಿರಿಸುವುದು ಕ್ರೂರವಾದ ಅಪಹಾಸ್ಯವೆಂಬ ಅರ್ಥದಲ್ಲಿ ಡಾ. ಅಂಬೇಡ್ಕರರು 1945ರ ತಮ್ಮ ಗ್ರಂಥವೊಂದರಲ್ಲಿ ಖಂಡಿಸಿದರು. ಇವರಿಬ್ಬರ ಮಾತನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ವಿಷಯವು ತಿಳಿಯಾಗುತ್ತದೆ. ಕೆಳಗಿನ ಕೆಲಸವು ಗುರುವಾಗುವುದು ಅದರಿಂದ ಹೊರಬರುವ ಬಾಗಿಲು ತೆರೆದಿರುವಾಗ. ಬಾಗಿಲು ಮುಚ್ಚಿದ್ದರೆ ಅದೇ ಕೆಲಸವು ಸೆರೆಮನೆಯಾಗುತ್ತದೆ.

ನಮ್ಮ ವಿದ್ಯಾವಂತ ತರುಣರ ನಡವಳಿಕೆಯಲ್ಲಿಯೂ ಈ ಮಾತಿಗೆ ಪ್ರಮಾಣವಿದೆ. ಅಮೆರಿಕಕ್ಕೆ ಓದಲು ಹೋದವರು ಅಲ್ಲಿನ ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ತಟ್ಟೆ ತೊಳೆದು ಹಣ ಸಂಪಾದಿಸುತ್ತಾರೆ. ಮನೆಯವರು ಅದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅದೇ ತರುಣನು ಮೈಸೂರಿನ ಹೋಟೆಲೊಂದರಲ್ಲಿ ಸಂಜೆಯ ಹೊತ್ತು ಬಡಿಸುತ್ತೇನೆಂದರೆ ಮನೆಯಲ್ಲಿ ಶೋಕವೇ ಉಂಟಾದೀತು. ತಟ್ಟೆಯೂ ಒಂದೇ, ಎಂಜಲೂ ಒಂದೇ. ಅಲ್ಲಿ ಅದು ಎರಡು ವರ್ಷದ ಹಾದಿಯೆಂದು ಎಲ್ಲರೂ ಬಲ್ಲರು. ಇಲ್ಲಿ ಅದನ್ನು ಜನ್ಮದ ಗುರುತೆಂದು ಎಣಿಸುತ್ತಾರೆ.

ಹಾಗಾದರೆ ಸೇವೆಯನ್ನು ಪಡೆಯುವ ನಮ್ಮ ಕರ್ತವ್ಯವೇನು? ದೊಡ್ಡ ಕರ್ತವ್ಯವು ಬಾಗಿಲನ್ನು ತೆರೆಯುವುದು. ನ್ಯಾಯವಾದ ಕೂಲಿಯು ಗೊತ್ತಾದ ದಿನಕ್ಕೆ ಸಲ್ಲಬೇಕು. ಒಳಚರಂಡಿಗೆ ಮನುಷ್ಯನನ್ನು ಇಳಿಸದೆ ಯಂತ್ರವನ್ನು ಇಳಿಸಬೇಕು. ಪೌರಕಾರ್ಮಿಕರ ಮಕ್ಕಳ ವಿದ್ಯಾಭ್ಯಾಸವು ನಗರದ ಹೊಣೆಯಾಗಬೇಕು. ಮುಂಬಯಿಯ ರಾತ್ರಿಶಾಲೆಗಳನ್ನು ನಡೆಸಿದವರು ಶ್ರೀಮಂತ ಸರ್ಕಾರಗಳಲ್ಲ, ಸಾಮಾನ್ಯ ಗೃಹಸ್ಥರ ಸಂಘಗಳು; ಅಂಥವು ನಮ್ಮ ಬಡಾವಣೆಗಳಲ್ಲಿಯೂ ಅಸಾಧ್ಯವಲ್ಲ.

ಚಿಕ್ಕ ಕರ್ತವ್ಯಗಳು ನಾಳೆಯ ಬೆಳಗ್ಗೆಯೇ ಆರಂಭವಾಗಬಹುದು. ಬೀದಿ ಗುಡಿಸಲು ಬರುವ ಹೆಂಗಸನ್ನು ‘ಅಮ್ಮ’ ಎಂದೋ ‘ಅಕ್ಕ’ ಎಂದೋ ಬಹುವಚನದಲ್ಲಿ ಮಾತನಾಡಿಸಬಹುದು. ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಬಹುದು. ಕುಡಿಯುವ ನೀರು ಕೇಳಿದರೆ ಮನೆಯವರು ಕುಡಿಯುವ ಲೋಟದಲ್ಲಿಯೇ ಕೊಡಬಹುದು. ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಮಾಡಿ, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಇಟ್ಟರೆ ಒಬ್ಬರ ಕೈ ಉಳಿದೀತು. ಹೋಟೆಲಿನಲ್ಲಿ ತಿಂದು ಏಳುವಾಗ ತಟ್ಟೆಯೊಳಗೆ ಕೈತೊಳೆಯದೆ, ಎಂಜಲನ್ನು ಮೇಜಿನ ಮೇಲೆ ಚೆಲ್ಲದೆ ಎದ್ದರೆ, ಮೇಜು ಒರೆಸುವವನೂ ನಮ್ಮಂತೆಯೇ ಮನುಷ್ಯನೆಂದು ಒಪ್ಪಿಕೊಂಡಂತಾಯಿತು. ನಮ್ಮ ಮಕ್ಕಳು ಇದನ್ನು ನೋಡುತ್ತಿರುತ್ತಾರೆ; ಯಾರನ್ನು ‘ನೀವು’ ಎನ್ನಬೇಕು, ಯಾರನ್ನು ‘ಏಯ್’ ಎನ್ನಬಹುದೆಂಬುದನ್ನು ಅವರು ಶಾಲೆಗೆ ಹೋಗುವ ಮೊದಲೇ ನಮ್ಮಿಂದ ಕಲಿಯುತ್ತಾರೆ.